ಕೆಂಪು ಬಂಡೆಗೆ ಯಾವ ದೀಪ?

ಬಾದಾಮಿಯ ಭೂತನಾಥ ಗುಡಿಯ ಕಟ್ಟೆಯ ಮೇಲೆ ನಿಂತರೆ ಎದುರಿಗೆ ಅಗಸ್ತ್ಯ ತೀರ್ಥದ ಹಸಿರು ನೀರು, ಸುತ್ತ ಕೆಂಪು ಮರಳುಗಲ್ಲಿನ ಗುಡ್ಡ. ಬಂಡೆಯ ಮೈಮೇಲೆ ಮಳೆನೀರು ಇಳಿಯುವ ದಾರಿಗುಂಟ ಕರಿ ಪಟ್ಟೆಗಳು. ನೋಡಿದವರು ಕೊಳೆ ಅನ್ನುತ್ತಾರೆ. ಮರಳುಗಲ್ಲಿನ ಇಂಥ ಪಟ್ಟೆಗಳಲ್ಲಿ ಬಹುಪಾಲು ಸಯಾನೋಬ್ಯಾಕ್ಟೀರಿಯಾಗಳ ವಸತಿ. ಒಣಗಿ ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ಮಳೆಗೆ ಎದ್ದು ಕೂರುವ ಜೀವಿಗಳು ಇವು. ಬೆಳಕೇ ಇವಕ್ಕೆ ಅನ್ನ. ಆ ಬೆಳಕಿನ ಬಣ್ಣವನ್ನು ಗುರುತಿಸುವ ಪ್ರೋಟೀನುಗಳೂ ಇವುಗಳಲ್ಲಿ ಅನೇಕಕ್ಕೆ ಇವೆ. ಸ್ಮಾರಕಗಳನ್ನು ತೊಳೆಯುವ, ಅವಕ್ಕೆ ದೀಪ ಹಾಕುವ ನಮ್ಮ ರೂಢಿಗಳು ಮನುಷ್ಯರ ಕಣ್ಣನ್ನು ಮಾತ್ರ ನಂಬಿ ನಡೆಯುತ್ತವೆ ಎಂಬುದು ನನ್ನ ತಕರಾರು.

ತೊಳೆಯುವುದರ ಮಾತು ಬೇಗ ಮುಗಿಯುತ್ತದೆ. ಅಮೋನಿಯಾ ಬೆರೆಸಿದ ನೀರು, ಮೃದು ಮಾರ್ಜಕ, ಬ್ರಷ್, ಆಮೇಲೆ ಪಾಚಿ ಕೊಲ್ಲುವ ರಾಸಾಯನಿಕ: ಇದು ಕಲ್ಲಿನ ಸ್ಮಾರಕಗಳಿಗೆ ರೂಢಿಯ ಉಪಚಾರ. ಶಿಲ್ಪದ ಮುಖ, ಶಾಸನದ ಅಕ್ಷರಗಳ ಮೇಲೆ ಇದು ಬೇಕು. ಹಾವಸೆಯ ಪದರ ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವಾಗ ಮರಳಿನ ಕಣಗಳನ್ನು ಸಡಿಲಿಸುತ್ತದೆ. ಆದರೆ ಗುಡ್ಡದ ಬರಿಬಂಡೆಯನ್ನೂ ಹೀಗೆ ತಿಕ್ಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆ ಕಪ್ಪು ಬಣ್ಣಕ್ಕೆ ಮುಖ್ಯ ಕಾರಣ ಸೈಟೋನೆಮಿನ್, ಬಿಸಿಲಿನ ನೇರಳಾತೀತ ಕಿರಣ ತಡೆಯಲು ಜೀವಕೋಶಗಳು ತಮ್ಮ ಹೊರಕವಚದಲ್ಲಿ ತುಂಬಿಕೊಳ್ಳುವ ವರ್ಣಕ. ಅದು ಬಲು ಗಟ್ಟಿ. ಜೀವಿ ಸತ್ತ ಮೇಲೂ ಕಪ್ಪು ಉಳಿಯುತ್ತದೆ. ಅದನ್ನೂ ತೆಗೆಯಹೊರಟರೆ ಬ್ರಷ್ಷಿಗೆ ಕಲ್ಲೇ ಬರುತ್ತದೆ.

ದೀಪದ ಸಂಗತಿ ಇಷ್ಟು ಸರಳವಲ್ಲ.

ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು; 1963ರಲ್ಲಿ ಮುಚ್ಚಿದರು. ಜನರ ಉಸಿರು ಮತ್ತು ವಿದ್ಯುದ್ದೀಪ ಸೇರಿ ಚಿತ್ರಗಳಿದ್ದ ಗೋಡೆಗೆ ಹಸಿರು ಪಾಚಿ ಹತ್ತಿತ್ತು. ಊರವರು ಮೇಣಬಸದಿ ಎನ್ನುವ ಬಾದಾಮಿಯ ಗುಹೆಗಳು ಅಷ್ಟು ಆಳದವಲ್ಲ, ಅಷ್ಟು ತೇವದವೂ ಅಲ್ಲ. ಹಗಲ ಬೆಳಕು ಮಂಟಪದವರೆಗೆ ಬರುತ್ತದೆ. ಆದರೂ ಗರ್ಭಗುಡಿಯ ಕತ್ತಲಲ್ಲೋ ನೀರು ಜಿನುಗುವ ಮೂಲೆಯಲ್ಲೋ ಕಾಯಂ ದೀಪ ಕೂರಿಸಿದರೆ, ಇದುವರೆಗೆ ಬೆಳೆಯದ ಕಡೆ ಬೆಳೆಯಲು ಕರೆದಂತೆ. ಉತ್ಸವಕ್ಕೆಂದು ನಾಲ್ಕು ದಿನ ಉರಿಯುವ ಬಣ್ಣದ ದೀಪಗಳನ್ನು ನಾನು ದೂರುತ್ತಿಲ್ಲ. ಅವು ಕಣ್ಣಿಗೆ ಕೆಟ್ಟದಾಗಿ ಕಾಣಬಹುದು, ಕಲ್ಲಿಗೆ ಅಂಥ ಕೇಡಲ್ಲ.

ಹಾಗಾದರೆ ಪಾಚಿಗೆ ಒಗ್ಗದ ಬಣ್ಣದ ದೀಪ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಪತ್ರಹರಿತ್ತು ಹಸಿರನ್ನು ಅಷ್ಟಾಗಿ ಹೀರುವುದಿಲ್ಲ, ಆದ್ದರಿಂದ ಹಸಿರು ದೀಪ. ಕೇಳಲು ಜಾಣ ಉಪಾಯ. ಇದನ್ನು ಬುಡಮೇಲು ಮಾಡುವ ಸಂಗತಿಯನ್ನು ಗೈಡುಕೋವ್ ಎಂಬ ವಿಜ್ಞಾನಿ 1902ರಲ್ಲೇ ಕಂಡಿದ್ದ: ಕೆಲವು ಸಯಾನೋಬ್ಯಾಕ್ಟೀರಿಯಾ ಹಸಿರು ಬೆಳಕಿನಲ್ಲಿ ಕೆಂಪಾಗುತ್ತವೆ, ಕೆಂಪು ಬೆಳಕಿನಲ್ಲಿ ನೀಲಿ ಹಸಿರಾಗುತ್ತವೆ. ಇದರ ಹಿಂದಿರುವ ಪ್ರೋಟೀನು ಆರ್‌ಸಿಎಇ ಎಂದು ಫ್ರೆಮಿಯೆಲ್ಲಾ ಎಂಬ ಎಳೆಯಾಕಾರದ ಜೀವಿಯಲ್ಲಿ ಕೀಹೋ ಮತ್ತು ಗ್ರಾಸ್‌ಮನ್ ತೋರಿಸಿದ್ದು 1996ರಲ್ಲಿ. ಪ್ರೋಟೀನಿನ ಮಡಿಕೆಯೊಳಗೆ ಬಿಲಿನ್ ಎಂಬ ಸಣ್ಣ ವರ್ಣಕ ಅಣು ಕೂತಿರುತ್ತದೆ. ಸುಮಾರು 530 ನ್ಯಾನೋಮೀಟರಿನ ಹಸಿರು ಬೆಳಕು ತಾಗಿದರೆ ಅದು ಒಂದು ಕೊಂಡಿಯ ಬಳಿ ತಿರುಚಿಕೊಳ್ಳುತ್ತದೆ, ಒಂದು ಪ್ರೋಟಾನನ್ನು ಎಳೆದುಕೊಳ್ಳುತ್ತದೆ, ಆಮೇಲೆ ಸುಮಾರು 660ರ ಕೆಂಪನ್ನು ಹೀರುವ ರೂಪಕ್ಕೆ ಬರುತ್ತದೆ. ಕೆಂಪು ತಾಗಿದರೆ ಪ್ರೋಟಾನು ಬಿಟ್ಟು ಮೊದಲಿನ ರೂಪಕ್ಕೆ. ಕೋಶದಲ್ಲಿ ಇಂಥ ಅಣುಗಳು ಎಷ್ಟು ಈ ಕಡೆ, ಎಷ್ಟು ಆ ಕಡೆ ಎಂಬ ಲೆಕ್ಕವೇ ಹೊರಗಿನ ಬಣ್ಣದ ಸುದ್ದಿ. ಬೆಳಕು ಮಂದವೋ ಪ್ರಖರವೋ ಅನ್ನುವುದಕ್ಕಿಂತ ಹಸಿರು ಕೆಂಪುಗಳ ಪ್ರಮಾಣವನ್ನು ಅಳೆಯುವ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆ.

ಇಳಕಲ್ ಸೀರೆ ಕೊಳ್ಳುವವರು ಟ್ಯೂಬ್‌ಲೈಟಿನಡಿ ನೋಡಿದ ಸೆರಗನ್ನು ಬಾಗಿಲ ಬೆಳಕಿಗೆ ತಂದು ಮತ್ತೊಮ್ಮೆ ನೋಡುತ್ತಾರೆ, ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆಂದು. ಫ್ರೆಮಿಯೆಲ್ಲಾ ಬೆಳಕು ಬದಲಾದರೆ ಸೀರೆಯನ್ನೇ ಬದಲಿಸುತ್ತದೆ: ಹಸಿರು ದೀಪದಡಿ ಹಸಿರನ್ನು ಹೀರುವ ಕೆಂಪು ಫೈಕೋಎರಿಥ್ರಿನ್ ತಯಾರಿಸಿಕೊಂಡು ಹಾಯಾಗಿರುತ್ತದೆ. ಎಲ್ಲ ಪ್ರಭೇದಗಳಿಗೂ ಈ ಕಸುಬಿಲ್ಲ, ನಿಜ. ಆದರೆ ಹಸಿರು ದೀಪ ಹಾಕಿದವರು ಕಸುಬು ಬಲ್ಲವನ್ನೇ ಆರಿಸಿ ಸಾಕಿದಂತಾಗುತ್ತದೆ. ಕೆಲವಂತೂ ನಮ್ಮ ಕಣ್ಣಿಗೆ ಕತ್ತಲೇ ಆದ ಕಡುಗೆಂಪಿನಲ್ಲೂ ಬದುಕುತ್ತವೆ. ಅದಕ್ಕೆ ಬೇಕಾದ ಎಫ್ ಎಂಬ ಪತ್ರಹರಿತ್ತು 2010ರಲ್ಲಿ ಬೆಳಕಿಗೆ ಬಂತು.

ನೀಲಿ ಇದಕ್ಕಿಂತ ವಾಸಿ. ರೋಮಿನ ನೆಲದಡಿಯ ಸಮಾಧಿಗಳಲ್ಲಿ ಬರೀ ನೀಲಿ ದೀಪ ಹಾಕಿ ಸಯಾನೋಬ್ಯಾಕ್ಟೀರಿಯಾ ತಗ್ಗುವುದನ್ನು ಪ್ಯಾಟ್ರಿಜಿಯಾ ಅಲ್ಬೆರ್ಟಾನೊ ಅವರ ತಂಡ ಕಂಡಿತು. ಆದರೆ ಹಸಿರು ಪಾಚಿ ನೀಲಿಯನ್ನು ಚೆನ್ನಾಗಿಯೇ ಉಣ್ಣುತ್ತದೆ. ಮೇಲಾಗಿ ನಮ್ಮ ಕಲ್ಲು ಕೆಂಪು. ನೀಲಿ ದೀಪದಡಿ ಬಾದಾಮಿಯ ನಟರಾಜ ಹದಿನೆಂಟೂ ಕೈಗಳೊಂದಿಗೆ ಕಪ್ಪಾಗಿ ಕೂರುತ್ತಾನೆ. ಈ ಕಲ್ಲಿನ ಚೆಲುವು ತೆರೆದುಕೊಳ್ಳುವುದು ಕಿತ್ತಳೆ ಕೆಂಪು ತುಂಬಿದ ಬೆಚ್ಚನೆಯ ಬೆಳಕಿನಲ್ಲಿ. ಸಯಾನೋಬ್ಯಾಕ್ಟೀರಿಯಾಗಳ ಫೈಕೋಸಯಾನಿನ್ ಎಲ್ಲಕ್ಕಿಂತ ಹೆಚ್ಚಾಗಿ ಹೀರುವ 620 ನ್ಯಾನೋಮೀಟರ್ ಕೂಡ ಅಲ್ಲೇ ಬೀಳುತ್ತದೆ. ನಮಗೂ ಅವಕ್ಕೂ ಮೆಚ್ಚುಗೆಯ ಬಣ್ಣ ಒಂದೇ ಆಗಿಬಿಟ್ಟಿದೆ.

ಆದ್ದರಿಂದ ಬಣ್ಣದ ಚೌಕಾಸಿ ಬಿಟ್ಟು ಗಂಟೆಗಳ ಲೆಕ್ಕ ಹಿಡಿಯುವುದು ಮೇಲು. ಬೆಚ್ಚನೆಯ ದೀಪವೇ ಇರಲಿ, ಜನ ಬಂದಾಗ ಹತ್ತಿ ಹೋದಾಗ ಆರಲಿ, ಒಂದೇ ಮೂಲೆಗೆ ಹತ್ತಿರದಿಂದ ಬೀಳದಿರಲಿ. ಅದಕ್ಕೂ ಮೊದಲು ನೀರು ಜಿನುಗುವ ಬಿರುಕುಗಳನ್ನು ನೋಡಬೇಕು. ಒಣ ಕಲ್ಲಿನ ಮೇಲೆ ಯಾವ ಬಣ್ಣವೂ ಪಾಚಿ ಬೆಳೆಸದು. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಆ ಕಾಲದ ಚಿತ್ರಗಳ ಚೂರುಪಾರು ಉಳಿದಿರುವುದು ಮುಂಚಾಚಿದ ಕಲ್ಲಿನ ಸೂರಿನ ಒಳಮೈಯಲ್ಲಿ. ಮಳೆ ತಾಗದ, ನೇರ ಬಿಸಿಲು ಬೀಳದ ಜಾಗ. ಅಲ್ಲಿಗೆ ಯಾರಾದರೂ ಕಾಯಂ ದೀಪದ ಯೋಜನೆ ತಂದರೆ, ಬಣ್ಣ ಯಾವುದೇ ಇರಲಿ, ಬೇಡ ಅನ್ನಬೇಕು.