ಕ್ಯಾಲರಿ ಲೆಕ್ಕದಲ್ಲಿ ಬಿಟ್ಟುಹೋದ ಪದಗಳು

ತೂಕ ಇಳಿಸುವ ಬಗ್ಗೆ ಕನ್ನಡದಲ್ಲಿ ಪ್ರಕಟವಾಗುವ ಬರಹಗಳಲ್ಲಿ ಒಂದು ಸಮೀಕರಣ ತಪ್ಪದೆ ಇರುತ್ತದೆ. ತಿಂದ ಕ್ಯಾಲರಿಯಿಂದ ಖರ್ಚಾದ ಕ್ಯಾಲರಿಯನ್ನು ಕಳೆಯಿರಿ, ಉಳಿದದ್ದು ಕೊಬ್ಬು. ಶಕ್ತಿ ಸಂರಕ್ಷಣಾ ನಿಯಮವನ್ನು ಪಾಠ ಮಾಡುವವರಿಗೆ ಇದು ಪ್ರಿಯವಾದ ಉದಾಹರಣೆ. ನಿಯಮವೂ ಸುಳ್ಳಲ್ಲ. ಆದರೆ ಈ ಸಮೀಕರಣವನ್ನು, ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದಿನಕ್ಕೆ 800 ಕಿಲೊಕ್ಯಾಲರಿಯನ್ನೂ ತಿನ್ನಲಾಗದ ಒಬ್ಬರ ಕೈಗೆ ವ್ಯಾಯಾಮದ ಮಾರ್ಗದರ್ಶಿಯೆಂದು ಕೊಟ್ಟಾಗ ಏನಾಗುತ್ತದೆ? ಈ ಪ್ರಶ್ನೆಯನ್ನಿಟ್ಟುಕೊಂಡು ಇಂಥ ಬರಹಗಳನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ.

ಪ್ರಶ್ನೆ ಕೇವಲ ಶಾಸ್ತ್ರೀಯವಲ್ಲ. ಭಟ್ಕಳ ತಾಲೂಕಿನ ಮಾವಳ್ಳಿಯನ್ನೇ ತೆಗೆದುಕೊಳ್ಳಿ. ಮುರ್ಡೇಶ್ವರ ಇರುವುದು ಇಲ್ಲಿಯೇ. ಇಲ್ಲಿಂದ ಮಣಿಪಾಲ ಸುಮಾರು ನೂರು ಕಿಲೋಮೀಟರ್, ಮಂಗಳೂರು ಇನ್ನೂ ದೂರ. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ 2019ರಲ್ಲೂ 2022ರಲ್ಲೂ ದೊಡ್ಡ ದನಿಯಲ್ಲಿ ಕೇಳಿದ್ದು ನಿಮಗೆ ನೆನಪಿರಬಹುದು. ದೂರದೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಭಟ್ಕಳಕ್ಕೋ ಹೊನ್ನಾವರಕ್ಕೋ ಕುಮಟೆಗೋ ಮರಳಿದವರು ಪ್ರತಿ ಸಣ್ಣ ಸಂದೇಹಕ್ಕೂ ಆಹಾರತಜ್ಞರ ಬಳಿ ಓಡಲಾರರು. ಕೈಗೆ ಸಿಕ್ಕಿದ ಅಚ್ಚಿನ ಕಾಗದವನ್ನೇ ನಂಬುತ್ತಾರೆ. ಆದ್ದರಿಂದ ಆ ಕಾಗದದಲ್ಲಿ ಏನು ಅಚ್ಚಾಗಿದೆ ಎಂಬುದು ಮುಖ್ಯವಾಗುತ್ತದೆ.

ಶಸ್ತ್ರಚಿಕಿತ್ಸೆ ಮಾಡುವುದೇನು?

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ 1966ರಲ್ಲಿ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಇಂದು ಅದರ ಸುಧಾರಿತ ರೂಪಗಳೂ, ಜಠರದ ಬಹುಭಾಗವನ್ನು ಕತ್ತರಿಸಿ ಕಿರಿದಾದ ಕೊಳವೆಯಷ್ಟನ್ನೇ ಉಳಿಸುವ ‘ಸ್ಲೀವ್’ ವಿಧಾನವೂ ಬಳಕೆಯಲ್ಲಿವೆ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ ಬೇರೆ, ಇದು ಬೇರೆ. ಪತ್ರಿಕೆಗಳು ಎರಡನ್ನೂ ‘ಕೊಬ್ಬು ಕರಗಿಸುವ ಆಪರೇಷನ್’ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಮೊದಲನೆಯ ದೋಷ.

ಸ್ಲೀವ್ ಆದ ಜಠರದಲ್ಲಿ ಹಿಡಿಯುವುದು ಸುಮಾರು 100ರಿಂದ 150 ಮಿಲಿಲೀಟರ್. ಅಂದರೆ ಒಂದು ಕಾಫಿ ಲೋಟದಷ್ಟು. ಮೊದಲ ವಾರಗಳಲ್ಲಿ ದ್ರವ, ಆಮೇಲೆ ಅರೆದ ಮೆದು ಆಹಾರ, ನಂತರ ಗಟ್ಟಿ ಆಹಾರ ಎಂಬ ಕ್ರಮವಿದೆ. ಈ ಅವಧಿಯಲ್ಲಿ ಹಲವರ ಆಹಾರ ದಿನಕ್ಕೆ 400ರಿಂದ 800 ಕಿಲೊಕ್ಯಾಲರಿ. ಇದನ್ನು ಭೌತವಿಜ್ಞಾನದ ಏಕಮಾನಕ್ಕೆ ತನ್ನಿ. 800 ಕಿಲೊಕ್ಯಾಲರಿಯೆಂದರೆ 33.5 ಲಕ್ಷ ಜೌಲ್. ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ 39 ವಾಟ್. ನೂರು ಕಿಲೋಗ್ರಾಂ ತೂಕದ ವ್ಯಕ್ತಿ ಸುಮ್ಮನೆ ಮಲಗಿದ್ದರೂ ದೇಹ ಖರ್ಚು ಮಾಡುವುದು ಸುಮಾರು 80 ವಾಟ್. ಆದಾಯ 40, ಖರ್ಚು 80. ಉಳಿದದ್ದನ್ನು ದೇಹದ ದಾಸ್ತಾನು ತುಂಬಬೇಕು. ಚಿಕಿತ್ಸೆಯ ಉದ್ದೇಶವೂ ಅದೇ.

ಇಲ್ಲಿಯವರೆಗೆ ಸಮೀಕರಣ ಸರಿಯಾಗಿಯೇ ಇದೆ. ಮುಂದಿನ ಹೆಜ್ಜೆಯಲ್ಲಿ ಅದು ಎಡವುತ್ತದೆ.

ಶಕ್ತಿ ಬೇರೆ, ಸಾಮರ್ಥ್ಯ ಬೇರೆ

ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ 7,700 ಕಿಲೊಕ್ಯಾಲರಿ ಇದೆಯೆಂದು ಎಲ್ಲ ಬರಹಗಳೂ ಹೇಳುತ್ತವೆ. ಹಾಗಾದರೆ ಮೈಯಲ್ಲಿ 40 ಕಿಲೋಗ್ರಾಂ ಕೊಬ್ಬಿರುವವರ ಬಳಿ ಮೂರು ಲಕ್ಷ ಕಿಲೊಕ್ಯಾಲರಿ ದಾಸ್ತಾನು ಇದ್ದಂತಾಯಿತು. ಇಷ್ಟಿದ್ದೂ ಅವರಿಗೆ ಹತ್ತು ನಿಮಿಷದ ಓಟದಲ್ಲಿ ಕಣ್ಣು ಕತ್ತಲೆ ಬರುವುದೇಕೆ? ಕ್ಯಾಲರಿ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ. ಏಕೆಂದರೆ ಅಲ್ಲಿ ಕಾಲ ಎಂಬ ಪದವೇ ಇಲ್ಲ.

ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನು ನೀವು ನೋಡಿರಬಹುದು. ಅಲ್ಲಿ ಜನ ಮೇಲೆ ಹೋಗುವುದು ಲಿಫ್ಟಿನಲ್ಲಿ. ಲೆಕ್ಕಕ್ಕಾಗಿ 70 ಮೀಟರ್ ಎತ್ತರದ ಮೆಟ್ಟಿಲುಗಳಿವೆ ಎಂದುಕೊಳ್ಳಿ. ನೂರು ಕಿಲೋಗ್ರಾಂ ತೂಕದವರು ಹತ್ತಿದಾಗ ಗಳಿಸುವ ಪ್ರಚ್ಛನ್ನ ಶಕ್ತಿ 100 × 9.8 × 70, ಅಂದರೆ 68,600 ಜೌಲ್, 16.4 ಕಿಲೊಕ್ಯಾಲರಿ. ಸ್ನಾಯುವಿನ ದಕ್ಷತೆ ಸುಮಾರು ಶೇಕಡಾ 25. ಆದ್ದರಿಂದ ದೇಹಕ್ಕೆ ತಗಲುವ ವೆಚ್ಚ ಸುಮಾರು 66 ಕಿಲೊಕ್ಯಾಲರಿ. ಒಂದೆರಡು ಇಡ್ಲಿಯ ಬೆಲೆ! ವ್ಯಾಯಾಮದಿಂದ ಕೊಬ್ಬನ್ನು ‘ಸುಡುವ’ ಆಸೆಗೆ ಈ ಒಂದು ಲೆಕ್ಕವೇ ಸಾಕು.

ಈಗ ಕಾಲವನ್ನು ಸೇರಿಸಿ. ಹತ್ತು ನಿಮಿಷದಲ್ಲಿ ಹತ್ತಿದರೆ ನಿಮಿಷಕ್ಕೆ 6.6 ಕಿಲೊಕ್ಯಾಲರಿ, ಮೂಲ ಖರ್ಚು ಸೇರಿದರೆ ಸುಮಾರು 8. ಅರ್ಧ ಗಂಟೆಯಲ್ಲಿ ಹತ್ತಿದರೆ ನಿಮಿಷಕ್ಕೆ ಸುಮಾರು ಮೂರೂವರೆ. ಎರಡರಲ್ಲೂ ಮಾಡಿದ ಕೆಲಸ ಒಂದೇ. ಆದರೆ ದೇಹ ಕೊಬ್ಬನ್ನು ಉರಿಸಬಲ್ಲ ದರಕ್ಕೆ ಮಿತಿಯಿದೆ. ಅದು ನಿಮಿಷಕ್ಕೆ ಸುಮಾರು ಅರ್ಧ ಗ್ರಾಂ, ಅಂದರೆ ನಾಲ್ಕೂವರೆ ಕಿಲೊಕ್ಯಾಲರಿ. ಅಭ್ಯಾಸವಿಲ್ಲದವರಲ್ಲಿ ಇನ್ನೂ ಕಡಿಮೆ. ತೊಟ್ಟಿ ದೊಡ್ಡದು, ನಲ್ಲಿ ಸಣ್ಣದು. ನಿಧಾನವಾಗಿ ಹತ್ತುವವರ ಬೇಡಿಕೆಯನ್ನು ಈ ನಲ್ಲಿ ಬಹುಪಾಲು ಪೂರೈಸುತ್ತದೆ. ಬೇಗ ಹತ್ತುವವರಿಗೆ ಉಳಿದದ್ದು ಗ್ಲೈಕೊಜೆನ್‌ನಿಂದ ಬರಬೇಕು. ಸಾಮಾನ್ಯ ವ್ಯಕ್ತಿಯಲ್ಲಿ ಅದರ ದಾಸ್ತಾನು ಕೆಲವು ನೂರು ಗ್ರಾಂ ಮಾತ್ರ. ಅತ್ಯಲ್ಪ ಆಹಾರದಲ್ಲಿರುವವರಲ್ಲಿ ಅದೂ ಕರಗಿರುತ್ತದೆ. ಜೋರಾಗಿ ಓಡಲು ಹೊರಟರೆ ನಿತ್ರಾಣ ಬರುವುದು ಮನೋಬಲದ ಕೊರತೆಯಿಂದಲ್ಲ ಎಂಬುದು ಇದರಿಂದ ಸ್ಪಷ್ಟ.

ಗ್ಲೈಕೊಜೆನ್ ತನ್ನೊಡನೆ ತನ್ನ ಮೂರು ಪಟ್ಟು ನೀರನ್ನೂ ಹಿಡಿದಿಟ್ಟಿರುತ್ತದೆ. ಮೊದಲ ವಾರ ತಕ್ಕಡಿಯಲ್ಲಿ ಕಾಣುವ ದೊಡ್ಡ ಇಳಿಕೆಯಲ್ಲಿ ಈ ನೀರಿನ ಪಾಲು ಬಹಳ. ಅದನ್ನೇ ‘ವಾರದಲ್ಲಿ ಕರಗಿದ ಕೊಬ್ಬು’ ಎಂದು ಬರೆಯುವುದು ತಪ್ಪು.

ಮರಳು ಮತ್ತು ಬೆವರು

‘ಕಡಲತೀರದಲ್ಲಿ ನಡೆಯಿರಿ’ ಎಂಬ ಸಲಹೆ ಕರಾವಳಿಯವರಿಗೆ ಸುಲಭವಾಗಿ ಸಿಗುತ್ತದೆ. ಒಣ ಸಡಿಲ ಮರಳಿನಲ್ಲಿ ನಡೆಯಲು ಅದೇ ವೇಗದಲ್ಲಿ ಗಟ್ಟಿ ನೆಲದಲ್ಲಿ ನಡೆಯುವುದಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕೆಂದು 1998ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಅಂದರೆ ವೇಗ ಹೆಚ್ಚಿಸದೆಯೇ ಸಾಮರ್ಥ್ಯ ಇಮ್ಮಡಿಯಾಗುತ್ತದೆ. ಆರೋಗ್ಯವಂತರಿಗೆ ಇದು ಲಾಭ. ಹೊಲಿಗೆ ಇನ್ನೂ ಮಾಯುತ್ತಿರುವವರಿಗೆ ಅಲ್ಲ. ಅವರಿಗೆ ಅಲೆ ತೋಯಿಸಿ ಗಟ್ಟಿಯಾದ ಮರಳು ವಾಸಿ. ಮನೆಯಂಗಳವೋ ರಸ್ತೆಯಂಚೋ ಇನ್ನೂ ವಾಸಿ.

ಇನ್ನು ಬೆವರು. ನೂರು ಕಿಲೋಗ್ರಾಂ ತೂಕದವರು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಸುಮಾರು 300 ಕಿಲೊಕ್ಯಾಲರಿ ಖರ್ಚು. ಸಮತಟ್ಟಾದ ನೆಲದಲ್ಲಿ ಇದು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗುತ್ತದೆ. ಒಂದು ಲೀಟರ್ ಬೆವರು ಆವಿಯಾಗಲು 580 ಕಿಲೊಕ್ಯಾಲರಿ ಗುಪ್ತೋಷ್ಣ ಬೇಕು. ಆದ್ದರಿಂದ ಈ ಶಾಖವನ್ನೆಲ್ಲ ಬೆವರೇ ಒಯ್ಯಬೇಕಾದರೆ ಅರ್ಧ ಲೀಟರ್ ಆವಿಯಾಗಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆವಿಯಾಗುವ ಬದಲು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡದು. ನೀರು ಮತ್ತು ಲವಣವನ್ನಷ್ಟೇ ಒಯ್ಯುತ್ತದೆ. ಉಳಿದವರು ಮನೆಗೆ ಬಂದು ಒಂದು ತಂಬಿಗೆ ನೀರು ಗಟಗಟನೆ ಕುಡಿಯುತ್ತಾರೆ. ಕಾಫಿ ಲೋಟದಷ್ಟು ಜಠರ ಇರುವವರು ಗುಟುಕು ಗುಟುಕಾಗಿ ಕುಡಿಯಬೇಕು. ಅದೂ ಊಟದ ಜೊತೆಯಲ್ಲಲ್ಲ. ದಿನಕ್ಕೆ ಒಂದೂವರೆ ಲೀಟರ್ ಕುಡಿಯುವುದೇ ಅವರಿಗೊಂದು ಕೆಲಸ. ಆದ್ದರಿಂದ ನಡಿಗೆಯ ಅವಧಿಯನ್ನು ನಿರ್ಧರಿಸಬೇಕಾದದ್ದು ಕ್ಯಾಲರಿಯಲ್ಲ, ನೀರು. ಈ ಮಾತನ್ನು ಬರೆದ ಲೇಖನಗಳು ಅಪರೂಪ.

ಬಳಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಬೈಪಾಸ್ ಆದವರಲ್ಲಿ ಸಕ್ಕರೆಯ ದ್ರಾವಣ ಒಮ್ಮೆಲೇ ಸಣ್ಣ ಕರುಳಿಗಿಳಿದು ಹೊಟ್ಟೆ ನುಲಿತ, ಎದೆಬಡಿತ, ತಲೆಸುತ್ತು ತರಬಹುದು. ಕೆಲವರಲ್ಲಿ ಒಂದರಿಂದ ಮೂರು ಗಂಟೆಗಳ ನಂತರ ರಕ್ತದ ಸಕ್ಕರೆ ತೀರ ಇಳಿಯುವುದೂ ಉಂಟು. ಸಕ್ಕರೆ ನಿಜವಾಗಿ ಇಳಿದಿದೆಯೆಂದು ಮೀಟರಿನಲ್ಲಿ ಕಂಡಾಗ ವೈದ್ಯರು ಹೇಳಿದ ಅಳತೆಯ ಗ್ಲೂಕೋಸ್ ಬೇಕು. ಉಳಿದಂತೆ ತೆಳು ಮಜ್ಜಿಗೆಯೇ ಮೇಲು.

ಇತಿಹಾಸ ಹೇಳುವುದು

ಕ್ಯಾಲರಿಯೊಂದನ್ನೇ ನೋಡಿದ್ದರ ಫಲ ಹಿಂದೆಯೇ ಕಂಡಿದೆ. ಅಮೆರಿಕದಲ್ಲಿ 1976ರಲ್ಲಿ ಬಂದ ‘ದಿ ಲಾಸ್ಟ್ ಚಾನ್ಸ್ ಡಯಟ್’ ಎಂಬ ಪುಸ್ತಕದ ನಂತರ ದ್ರವ ಪ್ರೋಟೀನ್ ಪಥ್ಯ ಜನಪ್ರಿಯವಾಯಿತು. ಇದರಲ್ಲಿದ್ದವರಲ್ಲಿ ಸುಮಾರು 60 ಸಾವುಗಳು ವರದಿಯಾದವು. ಹಲವು ಹೃದಯದ ಲಯ ತಪ್ಪಿ ಆದವು. ಅವರು ಸ್ಥೂಲಕಾಯರಾಗಿದ್ದವರು, ಶಕ್ತಿಯ ದಾಸ್ತಾನಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಪ್ರೋಟೀನಿನ ಗುಣಮಟ್ಟಕ್ಕೆ ಮತ್ತು ಖನಿಜಗಳಿಗೆ.

ಅದಕ್ಕೂ ಮೊದಲು, 1944–45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರ ಮೇಲೆ ನಡೆಸಿದ ಪ್ರಯೋಗವಿದೆ. ಅವರಿಗೆ 24 ವಾರ ದಿನಕ್ಕೆ ಸುಮಾರು 1,570 ಕಿಲೊಕ್ಯಾಲರಿ ಆಹಾರ, ವಾರಕ್ಕೆ 35 ಕಿಲೋಮೀಟರ್ ನಡಿಗೆ. ತೂಕ ಕಾಲುಭಾಗ ಇಳಿಯಿತು. ಮೂಲ ಚಯಾಪಚಯ ದರ ಸುಮಾರು ಶೇಕಡಾ 40ರಷ್ಟು ಇಳಿಯಿತು. ಅವರು ತೆಳ್ಳಗಿನವರು, ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು. ಆದರೆ ಒಂದು ಪಾಠ ನಿಜ: ಸಮೀಕರಣದ ‘ಖರ್ಚು’ ಸ್ಥಿರಾಂಕವಲ್ಲ. ಆದಾಯ ಇಳಿದಾಗ ಅದೂ ಇಳಿಯುತ್ತದೆ. 7,700ರಿಂದ ಭಾಗಿಸಿ ‘ಆರು ತಿಂಗಳಿಗೆ ಇಷ್ಟು ಕಿಲೋ’ ಎಂದು ಪಟ್ಟಿ ಮಾಡುವವರು ಇದನ್ನು ಮರೆಯುತ್ತಾರೆ.

ಟ್ರೆಡ್‌ಮಿಲ್‌ನ ಪರದೆಯ ಮೇಲಿನ ಅಂಕಿಗಳೂ ಅಷ್ಟೇ. ವಿಶ್ರಾಂತಿಯ ಖರ್ಚು ಕಿಲೋಗ್ರಾಂಗೆ ಗಂಟೆಗೆ ಒಂದು ಕಿಲೊಕ್ಯಾಲರಿ ಎಂಬ ರೂಢಿಯ ಮಾನ ಬಂದದ್ದು 70 ಕಿಲೋಗ್ರಾಂ ತೂಕದ, 40 ವರ್ಷದ ಒಬ್ಬ ಗಂಡಸಿನಿಂದ. ಸ್ಥೂಲಕಾಯರಲ್ಲಿ ಅದು ಇದಕ್ಕಿಂತ ಕಡಿಮೆ. ಮೇಲೆ ಹೇಳಿದ 300 ಕಿಲೊಕ್ಯಾಲರಿಯೂ ಈ ಮಾನದ ಅಂದಾಜೇ. ಅದನ್ನು ಗರಿಷ್ಠ ಎಂದು ತಿಳಿಯಿರಿ.

ಸುದ್ದಿಪತ್ರಿಕೆಗಳ ದೋಷ ಇನ್ನೊಂದು ಬಗೆಯದು. 2017ರಲ್ಲಿ ಈಜಿಪ್ಟಿನ ಇಮಾನ್ ಅಹಮದ್ ಮುಂಬಯಿಗೆ ಬಂದು ಸ್ಲೀವ್ ಶಸ್ತ್ರಚಿಕಿತ್ಸೆಗೆ ಒಳಗಾದಾಗ ಎಷ್ಟು ಕಿಲೋ ಇಳಿಯಿತೆಂಬ ಲೆಕ್ಕ ದಿನದಿನವೂ ಅಚ್ಚಾಯಿತು. ಆಕೆಗೆ ಎದ್ದು ಕೂರಲು, ಕೈಕಾಲು ಆಡಿಸಲು ಎಷ್ಟು ಸಾಧ್ಯವಾಯಿತು ಎಂಬುದಕ್ಕೆ ಅಷ್ಟು ಜಾಗ ಸಿಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಬುಧಾಬಿಯಲ್ಲಿ ಆಕೆ ತೀರಿಕೊಂಡರು. ಅಳೆಯಲು ಸುಲಭವಾದದ್ದನ್ನೇ ಮುಖ್ಯವೆಂದು ತಿಳಿಯುವುದು ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ತಿದ್ದುವ ತಪ್ಪು.

ಹಾಗಾದರೆ ವ್ಯಾಯಾಮ ಬೇಡವೆ?

ಖಂಡಿತ ಬೇಕು. ಕಾರಣ ಮಾತ್ರ ಬೇರೆ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇದೆ, ಮೂಳೆಯೂ ಸವೆಯುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೈಪಾಸ್ ಆದ ಮಹಿಳೆಯರಿಗೆ ಹೆಚ್ಚಿನ ಪ್ರೋಟೀನಿನ ಜೊತೆ ಭಾರ ಎತ್ತುವ ತರಬೇತಿ ಕೊಟ್ಟಾಗ ಅವರ ಸ್ನಾಯುಬಲ ಹೆಚ್ಚಿತು. ಸ್ನಾಯುವಿನ ರಾಶಿಯ ಇಳಿಕೆ ನಿಲ್ಲಲಿಲ್ಲ. ತೂಕದ ಇಳಿಕೆಯೂ ಬೇರೆಯಾಗಲಿಲ್ಲ. ಕ್ಯಾಲರಿ ಲೆಕ್ಕದವರಿಗೆ ಇದು ‘ಫಲವಿಲ್ಲದ’ ವ್ಯಾಯಾಮ. ಕುಳಿತಲ್ಲಿಂದ ಕೈಯೂರದೆ ಏಳಬಲ್ಲವರಿಗೆ ಹಾಗೆನ್ನಿಸದು.

ಒಳ್ಳೆಯ ಲೇಖನವೊಂದು ಹೇಳಬೇಕಾದ ಕ್ರಮ ಇಷ್ಟು. ಮೊದಲ ದಿನಗಳಿಂದಲೇ ಸಣ್ಣ ಸಣ್ಣ ನಡಿಗೆ, ದಿನಕ್ಕೆ ಹಲವು ಬಾರಿ. ನಡೆಯುತ್ತ ಮಾತನಾಡಲು ಉಸಿರು ಉಳಿಯುವಷ್ಟೇ ವೇಗ. ನಾಲ್ಕರಿಂದ ಆರು ವಾರ ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿಮೂಟೆ ಎತ್ತಬಾರದು. ಆಮೇಲೆ ಶಸ್ತ್ರವೈದ್ಯರ ಒಪ್ಪಿಗೆ ಪಡೆದು ಸ್ನಾಯುಬಲದ ವ್ಯಾಯಾಮ. ಪ್ರೋಟೀನ್ ದಿನಕ್ಕೆ 60 ಗ್ರಾಂಗೆ ಕಡಿಮೆಯಾಗಬಾರದು. ಗಂಜಿ ಹಿತವಾದರೂ ಅದರಲ್ಲಿ ಪ್ರೋಟೀನ್ ಅತ್ಯಲ್ಪ. ಗಟ್ಟಿ ಆಹಾರದ ಹಂತ ಬಂದ ಮೇಲೆ ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಮಾತ್ರೆ ಬಿಡುವಂತಿಲ್ಲ. ಪದೇಪದೇ ವಾಂತಿಯಾದರೆ ಥಯಮಿನ್ ಕೊರತೆಯಿಂದ ನರಗಳಿಗೆ ಹಾನಿಯಾಗಬಹುದು; ಕಾಯಬಾರದು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳ ಪ್ರಮಾಣವನ್ನು ವೈದ್ಯರು ಮತ್ತೆ ನಿಗದಿ ಮಾಡಬೇಕು. ಹಳೆಯ ಪ್ರಮಾಣವೇ ಹಲವು ಸಲ ತಲೆಸುತ್ತಿಗೆ ಕಾರಣ. ಎದೆನೋವು, ಎದೆಯ ಬಡಿತ ತಪ್ಪುವುದು, ಮೂರ್ಛೆ, ಕಾಲಿನ ಒಂದೇ ಬದಿಯ ಊತ, ಉಸಿರಾಟದ ತೊಂದರೆ ಕಂಡರೆ ವ್ಯಾಯಾಮ ನಿಲ್ಲಿಸಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಅಧ್ಯಾಪಕರಲ್ಲಿ ಒಂದು ಮಾತು. ಕ್ಯಾಲರಿಯ ಉದಾಹರಣೆಯನ್ನು ತರಗತಿಯಿಂದ ತೆಗೆದುಹಾಕಬೇಕಿಲ್ಲ, ಪೂರ್ತಿ ಮಾಡಬೇಕು. ಗೋಪುರದ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಉತ್ತರ ಬಂದ ಮೇಲೆ ‘ಎಷ್ಟು ಹೊತ್ತಿನಲ್ಲಿ?’ ಎಂದು ಕೇಳಿ, ಆಮೇಲೆ ‘ಬೆವರು ಎಲ್ಲಿಗೆ ಹೋಯಿತು?’ ಎಂದು ಕೇಳಿ. ಶಕ್ತಿ, ಸಾಮರ್ಥ್ಯ, ಗುಪ್ತೋಷ್ಣ ಎಂಬ ಮೂರು ಪಾಠಗಳು ಒಂದೇ ದೇಹದಲ್ಲಿ ಸೇರುವುದು ಅವರಿಗೆ ಕಾಣುತ್ತದೆ. ಹಾಗೆ ಕಲಿತ ವಿದ್ಯಾರ್ಥಿಯ ಮನೆಯಲ್ಲಿ ಶಸ್ತ್ರಚಿಕಿತ್ಸೆ ಆಗಿ ಬಂದವರು ಯಾರಾದರೂ ಇದ್ದರೆ, ಓಡು ಎನ್ನುವ ಲೇಖನವನ್ನು ಆತ ಪಕ್ಕಕ್ಕಿಟ್ಟು, ನಿಧಾನವಾಗಿ ಜೊತೆಗೆ ನಡೆಯುತ್ತಾನೆ.