ರೈತ ವಿದ್ಯಾನಿಧಿ: ದುಡ್ಡು ಬಂತು, ಹೊತ್ತಿಗೆ ಬಂತೇ?

ಹಾವೇರಿ ಜಿಲ್ಲೆಯ ಮೇಡ್ಲೇರಿ ಸುತ್ತಿನ ರೈತರ ಕೈ ಬರಿದಾಗುವುದು ಜೂನ್-ಜುಲೈನಲ್ಲಿ. ಬೀಜ, ಗೊಬ್ಬರಕ್ಕೆ ಇದ್ದದ್ದೆಲ್ಲ ಹೋಗಿರುತ್ತದೆ. ಕಾಲೇಜಿನ ಶುಲ್ಕ ಕಟ್ಟುವ ಕಾಲವೂ ಹೆಚ್ಚುಕಡಿಮೆ ಅದೇ. ಗೋವಿನಜೋಳ ಕೈಗೆ ಬರುವುದು ದೀಪಾವಳಿ ಹೊತ್ತಿಗೆ. ಮೆಣಸಿನಕಾಯಿ ಬ್ಯಾಡಗಿ ಪೇಟೆ ತುಂಬುವುದು ಸಂಕ್ರಾಂತಿ ಆಚೀಚೆ. ಅಲ್ಲಿಯವರೆಗೆ ಕೈಗಡ, ದಲಾಲಿ ಅಂಗಡಿಯ ಮುಂಗಡ, ಇಲ್ಲವೇ ಒತ್ತೆ ಇಟ್ಟ ಬಂಗಾರ. ಬ್ಯಾಂಕಿನ ಶಿಕ್ಷಣ ಸಾಲದ ಲೆಕ್ಕದಲ್ಲಿ ಇದು ಸಿಗುವುದಿಲ್ಲ, ಆದರೂ ಇದು ಓದಿಗಾಗಿ ಮಾಡಿದ ಸಾಲವೇ. ರೈತರ ಮಕ್ಕಳಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಯ ಬೆಲೆ ಕಟ್ಟಬೇಕಾದದ್ದು ಈ ಸಾಲವನ್ನು ಅದು ಎಷ್ಟು ತಪ್ಪಿಸಿತು ಎಂಬುದರಿಂದ.

2021ರಲ್ಲಿ ಈ ಯೋಜನೆ ಘೋಷಿಸಿದವರು ಇದೇ ಹಾವೇರಿ ಜಿಲ್ಲೆಯ ಶಿಗ್ಗಾವಿಯಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ. ಮೂಲ ದರದಂತೆ ಪಿಯುಸಿ, ಐಟಿಐ ಹುಡುಗರಿಗೆ ವರ್ಷಕ್ಕೆ 2,500 ರೂಪಾಯಿ, ಪದವಿಗೆ 5,000, ಎಂಜಿನಿಯರಿಂಗ್, ವೈದ್ಯಕೀಯಕ್ಕೆ 10,000. ಹುಡುಗಿಯರಿಗೆ 500ರಿಂದ 1,000 ರೂಪಾಯಿ ಹೆಚ್ಚು. ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ. ಜಾತಿ ಕೇಳದೆ, ರೈತನ ಮಗು ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು ಇದರ ದೊಡ್ಡಗುಣ. ಊರಿನಿಂದ ರಾಣೆಬೆನ್ನೂರಿಗೆ ಓಡಾಡಿ ಸರ್ಕಾರಿ ಕಾಲೇಜಿನಲ್ಲಿ ಬಿಎ ಓದುವ ಹುಡುಗಿಗೆ 5,500 ರೂಪಾಯಿ ನಿಜವಾದ ಆಸರೆ.

ಆದರೆ ಮೇಲಿನ ಓದಿಗೆ ಹೋದಂತೆ ಈ ಆಸರೆ ತೆಳುವಾಗುತ್ತದೆ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಶುಲ್ಕದ ಎದುರು 10,000 ಏನೂ ಅಲ್ಲ. ಹಾಸ್ಟೆಲ್, ಮೆಸ್ ಖರ್ಚು ಬೇರೆ. ಎರಡನೆಯ ಕೊರತೆ ಎಫ್‌ಐಡಿಯದು, ಅಂದರೆ ಈ ಹಣ ಪಡೆಯಲು ಬೇಕಾದ ರೈತ ಗುರುತಿನ ಸಂಖ್ಯೆಯದು. ಆ ಸಂಖ್ಯೆಯ ಬೇರು ಪಹಣಿಯಲ್ಲಿದೆ. ಅಜ್ಜನ ಹೆಸರಿನಲ್ಲೇ ಹೊಲ ಉಳಿದ ಮನೆಗೆ, ಲಾವಣಿಗೆ ಹೊಲ ಮಾಡುವವನಿಗೆ ಬೆವರು ಉಂಟು, ಪಹಣಿ ಇಲ್ಲ. ಕೃಷಿ ಕಾರ್ಮಿಕರ ಮಕ್ಕಳಿಗೂ ಯೋಜನೆಯನ್ನು ಆಮೇಲೆ ವಿಸ್ತರಿಸಿದ್ದು ಸರಿಯಾದ ಹೆಜ್ಜೆ. ಲಾವಣಿದಾರನನ್ನು ರೈತನೆಂದೇ ಒಪ್ಪಿಕೊಳ್ಳುವ ಕೆಲಸ ಇನ್ನೂ ಆಗಬೇಕು.

ಎಲ್ಲಕ್ಕಿಂತ ದೊಡ್ಡ ದೋಷ ಹೊತ್ತಿನದು. ಮೊದಲು ಶುಲ್ಕ ಕಟ್ಟಿ, ಆಮೇಲೆ ವಿದ್ಯಾರ್ಥಿವೇತನಕ್ಕೆ ಕಾಯುವ ಪದ್ಧತಿಯಲ್ಲಿ ಸಾಲ ಆಗಿಯೇ ಹೋಗಿರುತ್ತದೆ. ತಡವಾಗಿ ಬಂದ ಹಣ ಓದಿಗೆ ಸಲ್ಲದೆ ಬಡ್ಡಿಗೆ ಸಲ್ಲುತ್ತದೆ. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನು ಪಕ್ಕದಲ್ಲಿಟ್ಟು ನೋಡಿ. ಬಸ್ಸು ಹತ್ತಿದ ಹುಡುಗಿಗೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ, ಅಲ್ಲಿಗೆ ಖರ್ಚು ಮುಗಿಯಿತು. ಮೊದಲು ದುಡ್ಡು ಕೊಡು, ಆಮೇಲೆ ಖಾತೆಗೆ ಹಾಕುತ್ತೇವೆ ಎಂದಿದ್ದರೆ ಎಷ್ಟು ಹುಡುಗಿಯರು ಬಸ್ಸು ಹತ್ತುತ್ತಿದ್ದರು?

ವಿದ್ಯಾನಿಧಿಗೂ ಅದೇ ದಾರಿ ಬೇಕು. ಪ್ರವೇಶದ ದಿನವೇ ಕಾಲೇಜು ಆ ಮೊತ್ತವನ್ನು ಶುಲ್ಕದಲ್ಲಿ ಕಳೆಯಲಿ, ಸರ್ಕಾರ ಅದನ್ನು ಕಾಲೇಜಿಗೆ ತುಂಬಿಕೊಡಲಿ. ಕಾಯುವ ತ್ರಾಣ ಸರ್ಕಾರಕ್ಕೂ ಕಾಲೇಜಿಗೂ ಇದೆ; ಮುಂಗಾರಿನಲ್ಲಿ ರೈತನಿಗೆ ಅದು ಇರುವುದಿಲ್ಲ. ಯೋಜನೆಯ ಉದ್ದೇಶ ಒಳ್ಳೆಯದು, ಮೊತ್ತ ಸಾಲದು. ಮೊತ್ತ ಹೆಚ್ಚಿಸಲು ಬೊಕ್ಕಸ ನೋಡಬೇಕಾದೀತು, ಹೊತ್ತು ಸರಿಪಡಿಸಲು ಮನಸ್ಸೊಂದಿದ್ದರೆ ಸಾಕು.