ಮೆಕೇಬರ ಜಟಿಲತಾಮಾನ: ಒಂದು ವಿಮರ್ಶೆ

1976ನೆಯ ಡಿಸೆಂಬರಿನಲ್ಲಿ ಅಮೆರಿಕದ ಐ.ಇ.ಇ.ಇ. ಸಂಸ್ಥೆಯ ತಂತ್ರಾಂಶ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಥಾಮಸ್ ಮೆಕೇಬ್ ಎಂಬವರು ಹದಿಮೂರು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪ್ರೋಗ್ರಾಮೊಂದು ಎಷ್ಟು ಜಟಿಲವಾಗಿದೆಯೆಂಬುದನ್ನು ಒಂದು ಸಂಖ್ಯೆಯಿಂದ ಹೇಳಬಹುದೆಂಬುದು ಅದರ ಪ್ರತಿಜ್ಞೆ. ಅರ್ಧ ಶತಮಾನ ಉರುಳಿದರೂ ಆ ಸಂಖ್ಯೆ ಬಳಕೆಯಿಂದ ತಪ್ಪಿಲ್ಲ. ಹೊಸ ಕೋಡನ್ನು ಅಂಗೀಕರಿಸುವ ಮೊದಲು ಯಂತ್ರವೇ ಅದನ್ನು ಎಣಿಸಿ, ಮಿತಿ ಮೀರಿದುದನ್ನು ಬರೆದವರಿಗೆ ಹಿಂದಿರುಗಿಸುವ ಪದ್ಧತಿ ಅನೇಕ ಕಡೆ ಇದೆ. ಇತಿಹಾಸದ ಅಧ್ಯಾಪಕನೊಬ್ಬ ಈ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಕೋಡೂ ಒಬ್ಬರು ಬರೆದು ಮತ್ತೊಬ್ಬರು ಓದಬೇಕಾದ ಪಠ್ಯವೇ ಆಗಿದೆ. ಪಠ್ಯವೊಂದರ ಕಾಠಿನ್ಯವನ್ನು ಅಳೆದೆನೆಂಬ ವಾದವನ್ನು ಪರೀಕ್ಷಿಸುವ ಅಧಿಕಾರ ಶಾಸನ ಓದುವವರಿಗೂ ಉಂಟೆಂದು ನನ್ನ ಭಾವನೆ. ನನಗೆ ಸ್ವಂತ ಕಾರಣವೂ ಒಂದಿದೆ. ಅದನ್ನು ಮುಂದೆ ನಿವೇದಿಸುತ್ತೇನೆ.

ಪ್ರಬಂಧ ಹುಟ್ಟಿದ ಕಾಲವನ್ನು ಮೊದಲು ನೆನೆಯತಕ್ಕದ್ದು. 1968ರ ಮಾರ್ಚಿನಲ್ಲಿ ಡೈಕ್‌ಸ್ಟ್ರಾ ಅವರು, ಪ್ರೋಗ್ರಾಮಿನ ಒಂದೆಡೆಯಿಂದ ಮತ್ತೊಂದೆಡೆಗೆ ಮನಬಂದಂತೆ ನೆಗೆಯಲು ಅವಕಾಶ ಕೊಡುವ ‘ಗೋ ಟು’ ಆಜ್ಞೆಯನ್ನು ಖಂಡಿಸಿ ಬರೆದ ಪತ್ರ ಬೆಳಕಿಗೆ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನೇಟೋ ಆಶ್ರಯದಲ್ಲಿ ಸೇರಿದ ವಿದ್ವಾಂಸರು, ತಂತ್ರಾಂಶಗಳು ಬರೆದವರ ಹಿಡಿತಕ್ಕೂ ಸಿಗದಷ್ಟು ಬೆಳೆಯುತ್ತಿವೆಯೆಂದು ಚಿಂತಿಸಿದರು. ಮೆಕೇಬರ ಪ್ರಬಂಧವನ್ನು ಈ ಆತಂಕದ ಹಿನ್ನೆಲೆಯಿಂದ ಬೇರ್ಪಡಿಸಿ ಓದುವುದು ಸರಿಯಲ್ಲ.

ಅವರ ವಿಧಾನ ಸರಳವಾದುದು. ಪ್ರೋಗ್ರಾಮಿನ ಹರಿವನ್ನು ಬಿಂದುಗಳೂ ಅವುಗಳನ್ನು ಕೂಡಿಸುವ ಗೆರೆಗಳೂ ಉಳ್ಳ ನಕ್ಷೆಯಾಗಿ ಬರೆದು, ಗೆರೆಗಳ ಸಂಖ್ಯೆಯಿಂದ ಬಿಂದುಗಳ ಸಂಖ್ಯೆಯನ್ನು ಕಳೆದು, 2ನ್ನು ಕೂಡಿಸಬೇಕು. ವ್ಯವಹಾರದಲ್ಲಿ ಇಷ್ಟು ಶ್ರಮವೂ ಬೇಡ: ‘ಹೀಗಿದ್ದರೆ ಹಾಗೆ ಮಾಡು’ ಎಂಬ ನಿರ್ಣಯಸ್ಥಾನಗಳನ್ನು ಎಣಿಸಿ 1ನ್ನು ಸೇರಿಸಿದರೆ ಸಾಕು. ಬಂದ ಸಂಖ್ಯೆ, ಪ್ರೋಗ್ರಾಮನ್ನು ಪರೀಕ್ಷಿಸುವಾಗ ನಡೆದು ನೋಡಬೇಕಾದ ಸ್ವತಂತ್ರ ಮಾರ್ಗಗಳ ಸಂಖ್ಯೆ. ಅದು 10ನ್ನು ಮೀರಬಾರದೆಂದು ಅವರು ಸೂಚಿಸಿದರು; ಹತ್ತೇನೂ ಮಂತ್ರಸಂಖ್ಯೆಯಲ್ಲವೆಂಬ ಎಚ್ಚರವನ್ನೂ ಜೊತೆಗೇ ಕೊಟ್ಟರು. ಒಂದೇ ಆಯ್ಕೆಯಿಂದ ಪರಸ್ಪರ ಸಂಬಂಧವಿಲ್ಲದ ಹಲವು ಕವಲುಗಳು ಒಡೆಯುವಲ್ಲಿ ಮಿತಿಯನ್ನು ಸಡಿಲಿಸಬಹುದೆಂದು ಒಪ್ಪಿಕೊಂಡವರೂ ಅವರೇ. ಮೂಲದಲ್ಲಿರುವ ಈ ವಿವೇಕ ಅನುಯಾಯಿಗಳ ಕೈಯಲ್ಲಿ ಕಾಣೆಯಾಯಿತು. ಭಾಷ್ಯಕಾರರ ಕೈಗೆ ಸಿಕ್ಕ ಸೂತ್ರಗಳಿಗೆ ಇದೇನೂ ಹೊಸ ಗತಿಯಲ್ಲ.

ನನ್ನ ಮುಖ್ಯ ಆಕ್ಷೇಪವಾದರೋ ಬೇರೆ. ಮಾರ್ಗಗಳ ಎಣಿಕೆ ಪರೀಕ್ಷಕನ ದುಡಿಮೆಯನ್ನು ಅಳೆಯುತ್ತದೆ, ಓದುಗನ ಶ್ರಮವನ್ನಲ್ಲ. ಚರಾಂಶಗಳಿಗೆ ಅರ್ಥವತ್ತಾದ ಹೆಸರಿಟ್ಟರೂ ಕ, ಖ, ಗ ಎಂದು ಕರೆದರೂ ಸಂಖ್ಯೆ ಬದಲಾಗದು. ಷರತ್ತೊಂದು ಮತ್ತೊಂದರ ಹೊಟ್ಟೆಯಲ್ಲಿದ್ದರೂ ಒಂದರ ಕೆಳಗೊಂದು ಸಾಲಾಗಿ ನಿಂತಿದ್ದರೂ ಎಣಿಕೆಗೆ ಅವು ಸಮಾನ. ಆನ್ ಕ್ಯಾಂಬೆಲ್ ಅವರು 2016ರ ಸುಮಾರಿಗೆ ‘ಗ್ರಹಣ ಜಟಿಲತೆ’ ಎನ್ನಬಹುದಾದ ಬೇರೊಂದು ಮಾನವನ್ನು ಮುಂದಿಟ್ಟಾಗ ಈ ಕೊರತೆಯನ್ನೇ ಎತ್ತಿ ತೋರಿಸಿದರು. ಅವರ ನಿದರ್ಶನದಲ್ಲಿ ಎರಡು ಫಂಕ್ಷನ್ನುಗಳಿವೆ. ಒಂದು, ಆವರ್ತನದೊಳಗೆ ಆವರ್ತನ, ಅದರೊಳಗೆ ಷರತ್ತು ಇರುವಂತೆ ಅವಿಭಾಜ್ಯ ಸಂಖ್ಯೆಗಳನ್ನು ಕೂಡುತ್ತದೆ. ಇನ್ನೊಂದು, ಕೊಟ್ಟ ಸಂಖ್ಯೆಗೆ ತಕ್ಕ ಪದವನ್ನು ಹೇಳುತ್ತದೆ, ಅಷ್ಟೆ. ಮೆಕೇಬರ ಲೆಕ್ಕದಲ್ಲಿ ಎರಡಕ್ಕೂ 4. ಒಳಹೊಕ್ಕಷ್ಟೂ ಹೆಚ್ಚು ಅಂಕ ವಿಧಿಸುವ ಕ್ಯಾಂಬೆಲ್ ಅವರ ಲೆಕ್ಕದಲ್ಲಿ ಮೊದಲನೆಯದಕ್ಕೆ 7, ಎರಡನೆಯದಕ್ಕೆ 1. ಓದಿ ನೋಡಿದ ಯಾರಿಗಾದರೂ ಎರಡನೆಯ ತೀರ್ಪೇ ನ್ಯಾಯವೆನಿಸುತ್ತದೆ. ಇನ್ನು ಮಾರ್ಟಿನ್ ಶೆಪರ್ಡ್ ಅವರು 1988ರಲ್ಲಿಯೇ, ಮೆಕೇಬರ ಸಂಖ್ಯೆ ಬಹುಪಾಲು ಸಾಲುಗಳ ಎಣಿಕೆಯ ಪ್ರತಿನಿಧಿಯಷ್ಟೇ ಎಂದು ವಾದಿಸಿದ್ದರು. ಈ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಸಾಲು ಕಡಿಮೆಯಿದ್ದೂ ಕವಲು ಹೆಚ್ಚಿರುವ ಬರಹ ಉಂಟು. ಅದನ್ನು ಕಂಡುಹಿಡಿಯಲು ಈ ಎಣಿಕೆ ಈಗಲೂ ಉಪಯುಕ್ತ.

ಇನ್ನು ಸ್ವಂತ ಅನುಭವ. ಶಾಸನಗಳ ಕಾಲಸೂಚಿಯೊಂದನ್ನು ಸಿದ್ಧಪಡಿಸುವಾಗ, ಅವುಗಳಲ್ಲಿ ಉಕ್ತವಾದ ವರ್ಷವನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವ ಚಿಕ್ಕ ಪ್ರೋಗ್ರಾಮನ್ನು ನಮ್ಮ ವಿದ್ಯಾರ್ಥಿಯೊಬ್ಬ ಬರೆದುಕೊಟ್ಟನು. ಕೆಲಸ ಹೊರನೋಟಕ್ಕೆ ಸುಲಭ: ಶಕವರ್ಷಕ್ಕೆ 78 ಕೂಡಿದರೆ ಮುಗಿಯಿತು. ಒಂದನೆಯ ಪುಲಕೇಶಿಯ ಬಾದಾಮಿಯ ಬಂಡೆಗಲ್ಲಿನ ಶಾಸನದ ಶಕ 465 ಹೀಗೆ ಕ್ರಿ.ಶ. 543 ಆಗುತ್ತದೆ. ಆದರೆ ಮಾಘ, ಫಾಲ್ಗುಣಗಳು ಬಂದರೆ 79 ಕೂಡಬೇಕು. ತಿಂಗಳು ತಿಳಿಯದಿದ್ದರೆ ಐಹೊಳೆಯ ಶಾಸನದ ಶಕ 556ಕ್ಕೆ ಮಾಡುವಂತೆ 634-35 ಎಂದು ಎರಡು ವರ್ಷಗಳನ್ನೂ ಬರೆಯಬೇಕು. ಉಕ್ತ ವರ್ಷ ಗತವಲ್ಲದೆ ವರ್ತಮಾನವಾದರೆ ಒಂದನ್ನು ಕಳೆಯಬೇಕು. ಕೆಲವೆಡೆ ಕಲಿವರ್ಷ, ಕೆಲವೆಡೆ 1076ರಲ್ಲಿ ಮೊದಲಾದ ಚಾಲುಕ್ಯ ವಿಕ್ರಮ ಶಕ. ಇವೆಲ್ಲ ಸೇರಿ ಪ್ರೋಗ್ರಾಮಿನಲ್ಲಿ 13 ನಿರ್ಣಯಸ್ಥಾನಗಳಾದುವು, ಸಂಖ್ಯೆ 14. ಹತ್ತರ ಮಿತಿಯನ್ನು ಎಲ್ಲೋ ಓದಿದ್ದ ನಾನು, ಅದನ್ನು ಒಡೆದು ಬರೆಯಬೇಕೆಂದು ಆಜ್ಞಾಪಿಸಿದೆ. ಆತನು ನಾಲ್ಕು ಫಂಕ್ಷನ್ನುಗಳಾಗಿ ಒಡೆದನು. ಯಾವುದೂ 6ನ್ನು ಮೀರಲಿಲ್ಲ, ನಾನು ಸಂತುಷ್ಟನಾದೆ.

ಆಗ ಗಮನಿಸಬೇಕಾಗಿದ್ದ ಎರಡು ಸಂಗತಿಗಳನ್ನು ಗಮನಿಸದೆ ಹೋದೆ. ಮೊದಲನೆಯದು ಲೆಕ್ಕದ್ದು. ನಿರ್ಣಯಗಳು ಹದಿಮೂರೇ ಉಳಿದು, ಪ್ರತಿ ಫಂಕ್ಷನ್ನಿಗೆ ಒಂದೊಂದು ಸೇರಿ, ಒಟ್ಟು ಸಂಖ್ಯೆ ಮೆಕೇಬರ ಸೂತ್ರದಂತೆಯೇ 17ಕ್ಕೆ ಏರಿತ್ತು. ಬಿಡಿ ಅಂಕಗಳು ಇಳಿದುದರಿಂದ ಇಡಿಯೂ ಇಳಿಯಿತೆಂದು ಭ್ರಮಿಸಿದೆ. ಎರಡನೆಯದು ಗುರುತರವಾದುದು. ವರ್ತಮಾನ ವರ್ಷದಿಂದ ಒಂದನ್ನು ಕಳೆಯುವ ಕೆಲಸ ಎರಡು ಫಂಕ್ಷನ್ನುಗಳಲ್ಲಿಯೂ ಉಳಿದುಬಿಟ್ಟಿತ್ತು. ತನ್ನ ಕೈಸೇರುವ ವರ್ಷ ಈಗಾಗಲೇ ಗತವರ್ಷವಾಗಿದೆಯೆಂಬುದು ಎರಡನೆಯ ಫಂಕ್ಷನ್ನಿಗೆ ತಿಳಿದಿರಲಿಲ್ಲ. ಅದರ ಹೆಸರಿನಿಂದಲೂ ಓದುಗನಿಗೆ ಅದು ತಿಳಿಯುವಂತಿರಲಿಲ್ಲ. ಒಂದೇ ಪುಟದಲ್ಲಿದ್ದಾಗ ಕಣ್ಣಿಗೆ ಬೀಳುತ್ತಿದ್ದ ಪುನರುಕ್ತಿ ನಾಲ್ಕು ಕಡೆ ಹಂಚಿಹೋಗಿ ಮರೆಯಾಗಿತ್ತು. ವರ್ತಮಾನವೆಂದು ಗುರುತಿಸಿದ ಶಾಸನಗಳೆಲ್ಲ ಒಂದು ವರ್ಷ ಹಿಂದಕ್ಕೆ ಸರಿದುವು. ಕರಡು ಅಚ್ಚಿಗೆ ಹೋಗುವ ಮೊದಲು ಸಂವತ್ಸರದ ಹೆಸರುಗಳೊಡನೆ ಕೈಯಿಂದ ತಾಳೆ ನೋಡಿದುದರಿಂದ ದೋಷ ಹೊರಬಿದ್ದಿತು. ಇಲ್ಲವಾದರೆ ಆ ವರ್ಷಗಳನ್ನೇ ಪ್ರಮಾಣವಾಗಿಟ್ಟುಕೊಂಡು ಯಾರೋ ಅರಸನೊಬ್ಬನ ಪಟ್ಟಾಭಿಷೇಕವನ್ನು ಹಿಂದೂಡುತ್ತಿದ್ದರು. ವಿದ್ಯಾರ್ಥಿಯ ತಪ್ಪು ಇದರಲ್ಲಿ ಅಲ್ಪ. ಬರಹವನ್ನು ಓದದೆ ಅದರ ಅಂಕವನ್ನು ಮಾತ್ರ ಓದಿದವನು ನಾನು.

ಪ್ರೋಗ್ರಾಮನ್ನು ಬಳಿಕ ಇಬ್ಬರೂ ಕುಳಿತು ತಿದ್ದಿದೆವು. ಮೂರು ಶಕಗಳಿಗೆ ಮೂರು ಕವಲುಗಳ ಬದಲು, ಶಕದ ಹೆಸರನ್ನೂ ಅದಕ್ಕೆ ಕೂಡಬೇಕಾದ ಅಥವಾ ಕಳೆಯಬೇಕಾದ ಸಂಖ್ಯೆಯನ್ನೂ ತೋರಿಸುವ ಕೋಷ್ಟಕವನ್ನು ಇಟ್ಟೆವು. ತಿಂಗಳುಗಳಿಗೂ ಹಾಗೆಯೇ. ವರ್ಷ ಯಾವುದಿದ್ದರೂ ಮೊದಲ ಸಾಲಿನಲ್ಲಿಯೇ ಅದನ್ನು ಗತವರ್ಷವಾಗಿ ಮಾಡಿ, ‘ಗತಶಕ’ವೆಂಬ ಹೆಸರನ್ನೇ ಕೊಟ್ಟು, ಮುಂದೆಲ್ಲಿಯೂ ಆ ಪ್ರಶ್ನೆ ಏಳದಂತೆ ಮಾಡಿದೆವು. ಫಂಕ್ಷನ್ನು ಈಗ ಒಂದೇ. ಮೆಕೇಬರ ಸಂಖ್ಯೆ 7. ಓದಿಗಾಗಿ ತಿದ್ದಿದಲ್ಲಿ ಅಂಕವೂ ತಾನಾಗಿ ಇಳಿಯಿತು, ಆದರೆ ಅಂಕಕ್ಕಾಗಿ ತಿದ್ದಿದಾಗ ಓದು ಕೆಟ್ಟಿತ್ತು. ಹೆಸರಿನ ಬದಲಾವಣೆಯಿಂದಾದ ಉಪಕಾರ ಮಾತ್ರ ಯಾವ ಮಾನದಲ್ಲಿಯೂ ಕಾಣುವುದಿಲ್ಲ.

ಪುಷ್ಯಮಾಸದ ಭಾಗವೊಂದು ಇನ್ನೂ ತೊಡಕಾಗಿಯೇ ಉಳಿದಿದೆ. ಜನವರಿಯ ಮೊದಲ ದಿನ ಆ ತಿಂಗಳಲ್ಲಿ ಒಂದು ವರ್ಷ ಒಂದು ತಿಥಿಗೆ, ಇನ್ನೊಂದು ವರ್ಷ ಇನ್ನೊಂದು ತಿಥಿಗೆ ಬೀಳುವುದರಿಂದ, 78 ಕೂಡಬೇಕೆ 79 ಕೂಡಬೇಕೆ ಎಂಬುದನ್ನು ತಿಥಿ ನೋಡದೆ ಹೇಳಲಾಗದು. ಅಲ್ಲಿನ ಕವಲುಗಳನ್ನು ಹಾಗೆಯೇ ಬಿಟ್ಟು, ಕಾರಣವನ್ನು ಪಕ್ಕದಲ್ಲಿ ಎರಡು ಸಾಲುಗಳಲ್ಲಿ ಬರೆದಿಟ್ಟಿದ್ದೇವೆ.